ಮನೆ ಕೊಳ್ಳೋ ಮುಂಚೆ ಆ ನೆಲ ಯಾರದಿತ್ತು ಅಂತ ಕೇಳಿ



ಹೋದ ವಾರ ನಮ್ಮ ಸಂಘಟನೆಯ ಹುಡುಗನೊಬ್ಬ ಫೋನ್ ಮಾಡಿದ್ದ. "ಅಕ್ಕಾ, ಒಂದು ಮನೆ ತಗೊಳ್ಳೋಣ ಅಂತಿದೀನಿ. ಬ್ಯಾಂಕಲ್ಲಿ ಲೋನ್ ಆಗುತ್ತೆ ಅಂದಿದಾರೆ. ಏನೇನು ನೋಡ್ಬೇಕು ಹೇಳಿ" ಅಂದ. ಅವರ ವಂಶದಲ್ಲೇ ಮನೆ ಕೊಳ್ಳೋಕೆ ಹೊರಟ ಮೊದಲ ಮನುಷ್ಯ ಅವನು. ಅಪ್ಪನಿಗೆ ಜನತಾ ಮನೆ ಸಿಕ್ಕಿತ್ತು. ತಾತನಿಗೆ ಕೇರಿಯಲ್ಲಿ ಗುಡಿಸಲಿತ್ತು. ಇವನು ಆರಿಸಿಕೊಳ್ಳೋಕೆ ಹೊರಟಿದ್ದಾನೆ.

ನಾನು ಎಲ್ಲರೂ ಹೇಳೋದನ್ನೇ ಹೇಳಿದೆ. ನೀರು ನೋಡು, ಮಳೆಗಾಲದಲ್ಲಿ ಒಂದು ಸಲ ಹೋಗಿ ನೋಡು, ರಾಜಕಾಲುವೆ ಪಕ್ಕ ಬೇಡ, ಬಸ್ಸು ಎಷ್ಟು ದೂರ, ಖಾತೆ ಯಾವುದು ಕೇಳು, ಸಾಧ್ಯವಾದರೆ ಹೆಂಡತಿ ಹೆಸರನ್ನೂ ಸೇರಿಸಿ ರಿಜಿಸ್ಟರ್ ಮಾಡಿಸು. ವಾಸ್ತು ಅಂತ ಶುರು ಮಾಡಿದ, ಬಯ್ದೆ. ಫೋನ್ ಇಟ್ಟ ಮೇಲೆ ಅನ್ನಿಸಿತು, ಹೇಳಬೇಕಾದ ಮುಖ್ಯ ವಿಷಯವನ್ನೇ ಹೇಳಲಿಲ್ಲವಲ್ಲ ಅಂತ. ಅದಕ್ಕೇ ಈ ಬರಹ. ಉದ್ದ ಇದೆ. ಪುರುಸೊತ್ತಾದಾಗ ಓದಿ.

ಮನೆ ಎಲ್ಲಿ ಕಟ್ಟಬೇಕು ಅನ್ನೋ ಪ್ರಶ್ನೆ ನಮ್ಮ ಹಿರೀಕರಿಗೆ ಎದುರಾಗಲೇ ಇಲ್ಲ. ಅದನ್ನು ಊರು ತೀರ್ಮಾನ ಮಾಡಿತ್ತು. ಹೊಲಗೇರಿ, ಮಾದಿಗರ ಹಟ್ಟಿ, ಆಮೇಲೆ ಸರ್ಕಾರಿ ಭಾಷೆಯಲ್ಲಿ ಹರಿಜನ ಕಾಲೋನಿ. ಹೆಸರು ಬದಲಾಯಿತೇ ಹೊರತು ಜಾಗ ಬದಲಾಗಲಿಲ್ಲ. ಊರಿನ ಕೊಳೆನೀರು ಇಳಿದು ಬರೋ ಕಡೆ, ಸುಡುಗಾಡಿನ ದಾರಿಯಲ್ಲಿ, ಕೆರೆ ಕೆಳಗಿನ ಜವುಗಿನಲ್ಲಿ. ನಮ್ಮ ಕೇರಿ ಮೇಲೆ ಬೀಸಿದ ಗಾಳಿ ಊರಿಗೆ ಹೋಗಬಾರದು ಅನ್ನೋ ಲೆಕ್ಕಾಚಾರ ಕೂಡ ಅದರಲ್ಲಿತ್ತು. 1948ರ ನವೆಂಬರ್ 4ರಂದು ಬಾಬಾಸಾಹೇಬರು ಸಂವಿಧಾನ ಸಭೆಯಲ್ಲಿ ಕರಡು ಮಂಡಿಸುತ್ತಾ, ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ತೆಗೆದುಕೊಂಡಿದ್ದಕ್ಕೆ ನನಗೆ ಸಂತೋಷ ಇದೆ ಅನ್ನೋ ಅರ್ಥದ ಮಾತು ಹೇಳಿದ್ದರು. ಹಳ್ಳಿಯನ್ನು ಹಾಡಿ ಹೊಗಳೋ ಜನಕ್ಕೆ ಆ ಮಾತು ಇವತ್ತಿಗೂ ಕಹಿ. ಕೇರಿಯಿಂದ ನಿಂತು ನೋಡಿದವರಿಗೆ ಅದರಲ್ಲಿ ಆಶ್ಚರ್ಯ ಏನೂ ಕಾಣೋದಿಲ್ಲ.

ಹಳ್ಳಿ ಬಿಟ್ಟು ಪಟ್ಟಣಕ್ಕೆ ಹೋದರೆ? ಇದಕ್ಕೆ ಬಾಬಾಸಾಹೇಬರ ಬದುಕೇ ಉತ್ತರ. 1917ರಲ್ಲಿ ಅವರು ಕೊಲಂಬಿಯಾ ಮತ್ತು ಲಂಡನ್ನಿನಲ್ಲಿ ಓದಿ ಬಂದವರು. ಬರೋಡಾ ಮಹಾರಾಜರು ಕೊಟ್ಟ ಸ್ಕಾಲರ್‌ಶಿಪ್ಪಿನ ಷರತ್ತಿನಂತೆ ಅದೇ ಸಂಸ್ಥಾನದ ನೌಕರಿಗೆ ಹೋದರು. ನೌಕರಿ ಇತ್ತು, ಸಂಬಳ ಇತ್ತು, ಉಳಿಯೋಕೆ ಜಾಗ ಇರಲಿಲ್ಲ. ಹಿಂದೂ ಹೋಟೆಲುಗಳಿಗೆ ಸೇರಿಸಲ್ಲ ಅನ್ನೋದು ಗೊತ್ತಿತ್ತು. ಒಂದು ಪಾರ್ಸಿ ವಸತಿಗೃಹಕ್ಕೆ ಹೋದರು. ನೋಡಿಕೊಳ್ಳುವವನಿಗೆ ಇವರು ಪಾರ್ಸಿ ಅಲ್ಲ ಅಂತ ಗೊತ್ತಾಯಿತು. ಗಿರಾಕಿಗಳಿಲ್ಲದೆ ಖಾಲಿ ಬಿದ್ದಿದ್ದ ಜಾಗ, ಅವನಿಗೂ ದುಡ್ಡು ಬೇಕಿತ್ತು. ರಿಜಿಸ್ಟರಿನಲ್ಲಿ ಒಂದು ಪಾರ್ಸಿ ಹೆಸರು ಬರೆದುಕೊಂಡ. ದಿನಕ್ಕೆ ಒಂದೂವರೆ ರೂಪಾಯಿ. ಕರೆಂಟಿಲ್ಲದ ದೊಡ್ಡ ಹಾಲಿನ ಪಕ್ಕದ ಸಣ್ಣ ಕೋಣೆಯಲ್ಲಿ, ಲಾಟೀನಿನ ಬೆಳಕಿನಲ್ಲಿ, ಇಲ್ಲದ ಹೆಸರಿನಲ್ಲಿ ಆ ಮಹಾ ವಿದ್ವಾಂಸ ದಿನ ದೂಡಿದರು. ಹನ್ನೊಂದನೇ ದಿನ ಬೆಳಿಗ್ಗೆ ಹತ್ತು ಹನ್ನೆರಡು ಜನ ದೊಣ್ಣೆ ಹಿಡಿದು ಬಂದರು. ಸಂಜೆಯೊಳಗೆ ಜಾಗ ಖಾಲಿ ಮಾಡು ಅಂದರು. ಇಬ್ಬರು ಗೆಳೆಯರ ಮನೆಗೆ ಹೋದರು, ಒಬ್ಬ ಹಿಂದೂ, ಒಬ್ಬ ಕ್ರೈಸ್ತ. ಇಬ್ಬರೂ ನಯವಾಗಿ ಇಲ್ಲ ಅಂದರು. ಕೊನೆಗೆ ಪಾರ್ಕಿನಲ್ಲಿ ಗಂಟೆಗಟ್ಟಲೆ ಕೂತು, ರಾತ್ರಿ ರೈಲು ಹತ್ತಿ ಬಾಂಬೆಗೆ ವಾಪಸ್ಸಾದರು. ಇದನ್ನೆಲ್ಲ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿದ್ದಾರೆ.

ಆ ಘಟನೆಯಲ್ಲಿ ನನಗೆ ದೊಣ್ಣೆಗಿಂತ ಹೆಚ್ಚು ಕಾಡೋದು ಆ ರಿಜಿಸ್ಟರ್. ಹೆಸರು ಬದಲಾಯಿಸಿದರೆ ಕೋಣೆ ಸಿಗುತ್ತೆ. ನಮ್ಮಲ್ಲಿ ಎಷ್ಟು ಜನ ಬಾಡಿಗೆ ಮನೆಗೆ ಹೋಗುವಾಗ ಗೋಡೆಯ ಮೇಲಿನ ಫೋಟೋ ತೆಗೆದು ಪೆಟ್ಟಿಗೆಗೆ ಹಾಕಿಲ್ಲ? ಮಕ್ಕಳಿಗೆ "ಯಾರಾದರೂ ಕೇಳಿದರೆ ಇಂಥ ಜನ ಅನ್ನು" ಅಂತ ಹೇಳಿಕೊಟ್ಟಿಲ್ಲ? ಈಚೆಗೆ ಓನರುಗಳು "ಯಾವ ಜನ" ಅಂತ ನೇರವಾಗಿ ಕೇಳೋದಿಲ್ಲ. "ವೆಜ್ಜಾ ಮೇಡಂ?" ಅಂತಾರೆ. ಆಮೇಲೆ "ನಿಮ್ಮ ಊರ ಕಡೆ ಯಾವ ದೇವ್ರು?"

ಮುಂದೆ ಬಾಬಾಸಾಹೇಬರು ಪರೇಲಿನ ಬಿಐಟಿ ಚಾಳಿನಲ್ಲಿ ಎರಡು ಕೋಣೆಗಳಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸಂಸಾರ ಮಾಡಿದರು. ಕಾರ್ಮಿಕರ ಚಾಳು ಅದು. ಮಹಾಡ್ ಸತ್ಯಾಗ್ರಹ ನಡೆಸಿದ್ದು, ದುಂಡುಮೇಜಿನ ಪರಿಷತ್ತಿಗೆ ಹೋಗಿ ಬಂದದ್ದು ಆ ಕಾಲದಲ್ಲೇ. ಆಮೇಲೆ 1930ರ ದಶಕದ ಶುರುವಿನಲ್ಲಿ ದಾದರಿನಲ್ಲಿ ರಾಜಗೃಹ ಕಟ್ಟಿಸಿದರು. ಮನೆ ಕಟ್ಟಿಸುವಾಗ ಅವರ ತಲೆಯಲ್ಲಿ ಇದ್ದದ್ದು ಒಂದೇ, ಪುಸ್ತಕ ಎಲ್ಲಿ ಇಡೋದು. ಮನೆಯನ್ನು ಗ್ರಂಥಾಲಯಕ್ಕಾಗಿ ಕಟ್ಟಿ, ಅದರ ಜೊತೆಗೆ ತಾವೂ ಇದ್ದರು ಅನ್ನಬಹುದು. ಆ ಮನೆ ಇರೋ ಬಡಾವಣೆಯ ಹೆಸರು ಗೊತ್ತಲ್ಲ? ಹಿಂದೂ ಕಾಲೋನಿ. ಬೌದ್ಧ ಚರಿತ್ರೆಯ ರಾಜಧಾನಿಯ ಹೆಸರನ್ನು ಅದರ ನಡುವೆ ನಿಲ್ಲಿಸಿದರು. 2020ರ ಜುಲೈನಲ್ಲಿ ಅದೇ ಮನೆಯ ಅಂಗಳಕ್ಕೆ ನುಗ್ಗಿ ಹೂಕುಂಡ, ಕ್ಯಾಮೆರಾ ಒಡೆದು ಹಾಕಿದ್ದನ್ನೂ ನಾವು ಕಂಡೆವು.

ನಮ್ಮ ಬೆಂಗಳೂರಿಗೆ ಬನ್ನಿ. 1898ರಲ್ಲಿ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಕಡಿಮೆ ಮಾಡೋಕೆ ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬಂದವು. ಅಗಲವಾದ ರಸ್ತೆ, ಗಾಳಿ ಬೆಳಕು, ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಆಧುನಿಕ ಬಡಾವಣೆ ಅಂದರೆ ಇದು ಅಂತ ಈಗಲೂ ಹೆಮ್ಮೆಯಿಂದ ಬರೀತಾರೆ. ಆದರೆ ಅಲ್ಲಿ ಬ್ಲಾಕುಗಳನ್ನು ಜಾತಿ, ಸಮುದಾಯ ನೋಡಿ ಹಂಚಿದ್ದರು ಅನ್ನೋದನ್ನೂ ನಗರದ ಇತಿಹಾಸ ಬರೆದವರು ದಾಖಲು ಮಾಡಿದ್ದಾರೆ. ಪ್ಲಾನು ಹೊಸದು, ಒಳಗೆ ಅದೇ ಹಳೇ ಊರು. ಆ ಹಿಂದಿನ ಗಲ್ಲಿ ಯಾಕೆ ಬೇಕಿತ್ತು ಅಂದ್ರೆ ಮಲ ಎತ್ತೋರು ಮುಂಬಾಗಿಲಿಗೆ ಬರಬಾರದಲ್ಲ, ಅದಕ್ಕೆ. ಬಡಾವಣೆಯ ನಕ್ಷೆಯಲ್ಲಿ ನಮಗೆ ಅಂತ ಬಿಟ್ಟ ಜಾಗ ಅದೊಂದೇ. ಮಿಲ್ಲುಗಳಿಗೆ, ರೈಲ್ವೆಗೆ ದುಡಿಯೋಕೆ ಬಂದ ನಮ್ಮ ಜನ ಶ್ರೀರಾಮಪುರ, ಓಕಳಿಪುರ, ಮಾಗಡಿ ರಸ್ತೆ ಕಡೆ ತಾವೇ ಊರು ಕಟ್ಟಿಕೊಂಡರು. ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿದವರಿಗೆ ಆ ಗಲ್ಲಿಗಳ ಪರಿಚಯ ಇರುತ್ತೆ.

ಸ್ವಾತಂತ್ರ್ಯ ಬಂದ ಮೇಲೆ ಕಾನೂನು ಇರಲಿಲ್ಲವೇ? ಇತ್ತು, ಈಗಲೂ ಇದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ (1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು) ಇದರ 4ನೇ ಸೆಕ್ಷನ್ ತೆಗೆದು ನೋಡಿ. ಬಾವಿ, ಹೋಟೆಲು, ಧರ್ಮಶಾಲೆಗಳ ಪಟ್ಟಿಯಲ್ಲೇ ಇನ್ನೊಂದು ಸಾಲಿದೆ. ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟೋದು, ಪಡೆಯೋದು, ಅದರಲ್ಲಿ ವಾಸ ಮಾಡೋದು, ಇದಕ್ಕೆ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದರೆ ಅದು ಅಪರಾಧ. 12ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತೆ. ಇಂಥ ಕೃತ್ಯ ಪರಿಶಿಷ್ಟ ಜಾತಿಯವರ ಮೇಲೆ ನಡೆದಿದ್ದರೆ, ಬೇರೆ ಕಾರಣ ಇತ್ತು ಅಂತ ಸಾಬೀತಾಗೋವರೆಗೆ ಅಸ್ಪೃಶ್ಯತೆಯೇ ಕಾರಣ ಅಂತ ಕೋರ್ಟು ಭಾವಿಸಬೇಕು. ಇಷ್ಟು ಗಟ್ಟಿ ಸೆಕ್ಷನ್ ಕೈಯಲ್ಲಿ ಇಟ್ಟುಕೊಂಡು ನಾವು ಎಷ್ಟು ಕೇಸು ಹಾಕಿದ್ದೀವಿ? ಶಿಕ್ಷೆ ಒಂದರಿಂದ ಆರು ತಿಂಗಳು, ದಂಡ ನೂರರಿಂದ ಐನೂರು ರೂಪಾಯಿ. ಒಂದು ಫ್ಲ್ಯಾಟಿನ ಬ್ರೋಕರ್ ಕಮಿಷನ್ನಿನ ಮುಂದೆ ಐನೂರು ರೂಪಾಯಿ!

ಇನ್ನು 2005ರಲ್ಲಿ ಸುಪ್ರೀಂ ಕೋರ್ಟಿಗೆ ಅಹಮದಾಬಾದಿನ ಒಂದು ಪಾರ್ಸಿ ಗೃಹ ನಿರ್ಮಾಣ ಸಹಕಾರ ಸಂಘದ ಕೇಸು ಬಂತು. ನಮ್ಮ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಅನ್ನೋ ಬೈಲಾ ಸರಿಯೋ ತಪ್ಪೋ ಅನ್ನೋದು ಪ್ರಶ್ನೆ. ಸಂಘ ಕಟ್ಟಿಕೊಳ್ಳೋದು ಮೂಲಭೂತ ಹಕ್ಕು, ಅಂಥ ಬೈಲಾ ಇಟ್ಟುಕೊಳ್ಳಬಹುದು ಅಂತ ಕೋರ್ಟು ಹೇಳಿತು. ಒಂದು ಸಣ್ಣ ಅಲ್ಪಸಂಖ್ಯಾತ ಸಮುದಾಯ ಒಟ್ಟಿಗಿರಬೇಕು ಅಂತ ಬಯಸೋದು ನನಗೆ ಅರ್ಥವಾಗುತ್ತೆ. ಬರೋಡಾದ ದೊಣ್ಣೆಯ ಸಿಟ್ಟನ್ನು ಇಡೀ ಸಮುದಾಯದ ಮೇಲೆ ಹಾಕೋದೂ ಸರಿಯಲ್ಲ. ಆದರೆ ಅದೇ ತರ್ಕ ಹಿಡಿದು ಬಲಾಢ್ಯ ಜಾತಿಗಳೂ ತಮ್ಮ ಸುತ್ತ ಬೇಲಿ ಹಾಕಿಕೊಳ್ಳಬಹುದಲ್ಲ, ಆ ಬಾಗಿಲನ್ನು ಕೋರ್ಟು ಮುಚ್ಚಲಿಲ್ಲ. ಆದ್ದರಿಂದ ಸೊಸೈಟಿ ಲೇಔಟಿನಲ್ಲಿ ಸೈಟು ನೋಡೋರು ಬೈಲಾ ಕೇಳಿ ಓದಿ. ಅಸೋಸಿಯೇಷನ್ನಿನ ನಿಯಮ ಓದಿ. ಅಡುಗೆ ಮನೆಗೆ ಸಂಬಂಧಪಟ್ಟ ಷರತ್ತು ಅದರಲ್ಲಿ ಇದ್ದರೆ ನಿಮಗೆ ಬೇರೆ ಪುರಾವೆ ಬೇಕಾಗಿಲ್ಲ.

ಇಲ್ಲಿವರೆಗೆ ಹೇಳಿದ್ದು ನಮ್ಮನ್ನು ಹೊರಗಿಟ್ಟ ಕತೆ. ಇನ್ನೊಂದು ಕತೆ ಇದೆ. ಅದನ್ನು ಹೇಳೋಕೇ ಇಷ್ಟು ಉದ್ದ ಬರೆದೆ.

ಹಳೇ ಮೈಸೂರು ಸರ್ಕಾರದ ಕಾಲದಿಂದಲೇ ನಮ್ಮ ಜನಕ್ಕೆ ದರಖಾಸ್ತಿನಲ್ಲಿ ಜಮೀನು ಮಂಜೂರು ಮಾಡ್ತಿದ್ದರು. ಪುಕ್ಕಟೆ, ಇಲ್ಲವೇ ಕಡಿಮೆ ಕಿಮ್ಮತ್ತಿಗೆ. ಷರತ್ತು ಒಂದೇ, ಇಷ್ಟು ವರ್ಷ ಪರಭಾರೆ ಮಾಡಬಾರದು. ಕೆಲವಕ್ಕೆ ಯಾವತ್ತಿಗೂ ಮಾಡಬಾರದು. ಕೊಟ್ಟದ್ದು ಹೆಚ್ಚಾಗಿ ಊರಾಚೆಯ ಕಲ್ಲು ಗುಡ್ಡ, ಗೋಮಾಳದ ಅಂಚು. ಅದನ್ನು ಹಸನು ಮಾಡಿದವರು ನಮ್ಮ ಅಜ್ಜ ಅಜ್ಜಿಯರು. ಹಸನಾದ ಮೇಲೆ ಅದು ಕೈತಪ್ಪಿತು. ಮಗಳ ಮದುವೆಗೆ ಸಾಲ, ಸಾಲಕ್ಕೆ ಭೋಗ್ಯ, ಭೋಗ್ಯಕ್ಕೆ ಅಂತ ಒತ್ತಿಸಿಕೊಂಡ ಹೆಬ್ಬೆಟ್ಟು ಕ್ರಯಪತ್ರದ ಮೇಲಿತ್ತು. ತಮ್ಮದೇ ಹೊಲದಲ್ಲಿ ಜೀತಕ್ಕಿದ್ದವರನ್ನು ನಾನು ಕಂಡಿದ್ದೇನೆ.

ದೇವರಾಜ ಅರಸರ ಸರ್ಕಾರ ಇದಕ್ಕೆ ಒಂದು ಕಾಯ್ದೆ ತಂದಿತು. 1978ರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ. 1979ರ ಜನವರಿ 1ರಿಂದ ಜಾರಿ. ನಾವೆಲ್ಲ ಪಿಟಿಸಿಎಲ್ ಅನ್ನೋದು ಇದಕ್ಕೇ. ಮಂಜೂರಾತಿ ಷರತ್ತು ಮುರಿದು ಮಾರಿದ್ದರೆ ಆ ಮಾರಾಟ ಅಸಿಂಧು, ಕಾಯ್ದೆ ಬರೋ ಮುಂಚಿನದಾದರೂ ಸರಿ. 1979ರ ನಂತರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರೋ ಹಾಗೇ ಇಲ್ಲ. ಅಸಿಸ್ಟೆಂಟ್ ಕಮಿಷನರ್ ಆ ಜಮೀನನ್ನು ಬಿಡಿಸಿ ಮೂಲ ಮಂಜೂರುದಾರರಿಗೆ ಅಥವಾ ವಾರಸುದಾರರಿಗೆ ಕೊಡಬೇಕು. ಅವರು ಇಲ್ಲದಿದ್ದರೆ ಸರ್ಕಾರಕ್ಕೆ ಸೇರುತ್ತೆ, ಅದನ್ನು ಬೇರೆ ಪರಿಶಿಷ್ಟರಿಗೆ ಕೊಡಬಹುದು. ಮಂಜೂರಾದ ಜಮೀನು ಬೇರೆಯವರ ಸ್ವಾಧೀನದಲ್ಲಿದ್ದರೆ, ಅಲ್ಲ ಅಂತ ಸಾಬೀತಾಗೋವರೆಗೆ, ಅದು ಅಸಿಂಧು ಮಾರಾಟದಿಂದಲೇ ಬಂದದ್ದು ಅಂತ ಭಾವಿಸಬೇಕು ಅಂತಲೂ ಕಾಯ್ದೆ ಹೇಳುತ್ತೆ. ಭೂಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1984ರಲ್ಲಿ ಮಂಚೇಗೌಡ ಕೇಸಿನಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು.

ಆಮೇಲೆ ಬೆಂಗಳೂರು ಬೆಳೆಯಿತು. ದೇವನಹಳ್ಳಿ, ಆನೇಕಲ್, ಹೊಸಕೋಟೆ, ನೆಲಮಂಗಲ ಕಡೆ ಕಲ್ಲುಗುಡ್ಡದ ಬೆಲೆ ಚದರಡಿಯಲ್ಲಿ ಹೇಳೋ ಹಾಗಾಯಿತು. 2017ರ ಅಕ್ಟೋಬರಿನಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಕೇಸಿನಲ್ಲಿ ಸುಪ್ರೀಂ ಕೋರ್ಟು, ತುಂಬಾ ತಡವಾಗಿ ಅರ್ಜಿ ಹಾಕಿದ್ದು ಆಗೋದಿಲ್ಲ, ಸಮಂಜಸ ಅವಧಿಯೊಳಗೆ ಬರಬೇಕು ಅಂದುಬಿಟ್ಟಿತು. ಹೆಬ್ಬೆಟ್ಟು ಒತ್ತಿದವರಿಗೆ ಸಮಂಜಸ ಅವಧಿ ಎಷ್ಟು ಅಂತ ಯಾರು ಹೇಳಬೇಕು? ಆ ತೀರ್ಪು ತೋರಿಸಿ ರಾಜ್ಯದ ತುಂಬ ಎಸಿ ಕೋರ್ಟುಗಳಲ್ಲಿ ಅರ್ಜಿಗಳು ವಜಾ ಆಗೋಕೆ ಶುರುವಾದವು. ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತೆವು. ಇದನ್ನು ಓದ್ತಿರೋರಲ್ಲಿ ಎಷ್ಟೋ ಜನ ಅಲ್ಲಿ ಮಲಗಿದವರೇ. 2023ರಲ್ಲಿ ತಿದ್ದುಪಡಿ ಬಂತು, ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ ಅಂತ. ಅದಾದ ಮೇಲೂ ಹೈಕೋರ್ಟಿನಲ್ಲಿ ಕಾಲಮಿತಿ ಬೇರೆ, ವಿಳಂಬ ಬೇರೆ ಅನ್ನೋ ತೀರ್ಪು ಬಂದಿದೆ. ಜಗಳ ಮುಗಿದಿಲ್ಲ.

ಇದಕ್ಕೂ ಮನೆ ಕೊಳ್ಳೋದಕ್ಕೂ ಏನು ಸಂಬಂಧ ಅಂತೀರಾ? ನೀವು ನೋಡ್ತಿರೋ ಬಡಾವಣೆಯ ಕೆಳಗೆ ಆ ಜಮೀನು ಇರಬಹುದು. ನಮ್ಮದೇ ಅನುಭವ ಹೇಳ್ತೀನಿ. ಕೆಲವು ವರ್ಷದ ಕೆಳಗೆ ಊರಾಚೆ ಒಂದು ಲೇಔಟಿನಲ್ಲಿ ನಾನೂ ನಮ್ಮ ಯಜಮಾನ್ರೂ ಸೈಟಿಗೆ ಅಡ್ವಾನ್ಸ್ ಕೊಟ್ಟಿದ್ವಿ. ದೊಡ್ಡ ಕಮಾನು, ತೆಂಗಿನ ಸಸಿ, ಕನ್ವರ್ಷನ್ ಆರ್ಡರು, ಎಲ್ಲ ಇತ್ತು. ವಕೀಲರು 30 ವರ್ಷದ ಇಸಿ ನೋಡಿ ಕ್ಲಿಯರ್ ಅಂದರು. ಸಂಘಟನೆಯ ಹಿರಿಯರೊಬ್ಬರು "ತಾಯಿ, ಅದಕ್ಕೂ ಹಿಂದಿನದು ನೋಡವ್ವ" ಅಂತ ಒಂದೇ ಮಾತು ಅಂದರು. ತಾಲೂಕು ಕಚೇರಿಗೆ ನಾಲ್ಕು ಸಲ ಅಲೆದ ಮೇಲೆ ಹಳೇ ಕೈಬರಹದ ಪುಸ್ತಕದಲ್ಲಿ ಆ ಸರ್ವೆ ನಂಬರು ಸಿಕ್ಕಿತು. ಮಂಜೂರಾದವರ ಹೆಸರಿನ ಮುಂದೆ 'ಎ.ಕೆ.' ಅಂತ ಬರೆದಿತ್ತು. ಆದಿ ಕರ್ನಾಟಕ. ನನ್ನ ತಾತನ ಹೆಸರಿನ ಮುಂದೆಯೂ ದಾಖಲೆಗಳಲ್ಲಿ ಹಾಗೇ ಇರೋದು.

ಆ ಮನುಷ್ಯನ ಮೊಮ್ಮಕ್ಕಳು ಅದೇ ಊರಿನ ಕಾಲೋನಿಯಲ್ಲಿದ್ದರು. ಹುಡುಕಿಕೊಂಡು ಹೋದೆವು. ಸರ್ವೆ ನಂಬರು ಅವರಿಗೆ ಗೊತ್ತಿರಲಿಲ್ಲ. "ನಮ್ ತಾತುಂದು ಹೊಲ ಅತ್ಲಾಗಿತ್ತಂತೆ, ರಾಗಿ ಬೆಳೀತಿದ್ರಂತೆ" ಅಂತ ಆ ಹೆಣ್ಣುಮಗಳು ಲೇಔಟಿನ ಕಡೆ ಕೈ ತೋರಿಸಿದಳು. ಸೈಟು ಬಿಟ್ಟೆವು. ಅಡ್ವಾನ್ಸಿನಲ್ಲಿ ಅರ್ಧ ವಾಪಸ್ ಬಂತು, ಇನ್ನರ್ಧ ಹೋಯಿತು. ನಮ್ಮವರೇ ಕೆಲವರು, "ನೀವು ಬಿಟ್ಟರೆ ಇನ್ಯಾರೋ ತಗೋತಾರೆ, ಏನು ಸಾಧನೆ ಮಾಡಿದಂಗಾಯ್ತು?" ಅಂದರು. ಮಾತಿನಲ್ಲಿ ತಪ್ಪಿಲ್ಲ, ಇನ್ಯಾರೋ ತಗೊಂಡರು. ಆದರೆ ಆ ಕುಟುಂಬ ಆ ಪುಸ್ತಕದ ನಕಲು ಇಟ್ಟುಕೊಂಡು ಎಸಿ ಕೋರ್ಟಿಗೆ ಅರ್ಜಿ ಹಾಕಿತು.

ಇನ್ನೊಂದು ತಪ್ಪು ತಿಳುವಳಿಕೆ ಇದೆ. ಕೊಳ್ಳೋರು ಎಸ್‌ಸಿ ಆದರೆ ಪಿಟಿಸಿಎಲ್ ತೊಂದರೆ ಇಲ್ಲ ಅಂತ ಬ್ರೋಕರುಗಳು ನಮ್ಮವರನ್ನೇ ಹುಡುಕಿ ಮಾರ್ತಾರೆ. ಸುಳ್ಳು. ಅನುಮತಿ ಇಲ್ಲದೆ ಯಾರಿಗೆ ಮಾರಿದರೂ ಅಸಿಂಧುವೇ. ತೋಟಿ, ತಳವಾರಿಕೆ, ನೀರಗಂಟಿ ಇನಾಮಿನ ಜಮೀನಿನ ವಿಷಯ ಬೇರೆ. ವಂಶಪಾರಂಪರ್ಯ ಕಸುಬಿನ ಇನಾಮನ್ನು ಪಿಟಿಸಿಎಲ್‌ನ ವ್ಯಾಖ್ಯೆಯಿಂದಲೇ ಹೊರಗಿಟ್ಟಿದ್ದಾರೆ. ಅದಕ್ಕೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ನೋಡಬೇಕು, ಅದರಲ್ಲೂ ಮರುಮಂಜೂರಾದ ಜಮೀನಿನ ಪರಭಾರೆಗೆ ನಿರ್ಬಂಧ ಇದೆ. ಊರಿನ ಹೆಣ ಹೊತ್ತು, ತಮಟೆ ಹೊಡೆದು, ಕೆರೆ ತೂಬು ಕಾದಿದ್ದಕ್ಕೆ ಬಂದ ನೆಲ ಅದು. ಅದೂ ಈಗ ಲೇಔಟು.

ಹಾಗಾಗಿ ತಮ್ಮಾ, ಫೋನಿನಲ್ಲಿ ಹೇಳದೆ ಬಿಟ್ಟದ್ದು ಇದು. 30 ವರ್ಷದ ಇಸಿಗೆ ನಿಲ್ಲಬೇಡ. ಆನ್‌ಲೈನಿನಲ್ಲಿ ಸಿಗೋ ಇಸಿ 2004ರಿಂದ ಈಚಿನದು, ಅದಕ್ಕೂ ಹಿಂದಿನದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ತೆಗೆಸಬೇಕು. ಪಹಣಿಯೂ ಕಂಪ್ಯೂಟರಿನದು ಸಾಲದು, ಕೈಬರಹದ ಪಹಣಿ, ಮ್ಯುಟೇಷನ್ ರಿಜಿಸ್ಟರ್ ಬೇಕು. ಮೊದಲ ಮಾಲೀಕನಿಗೆ ಜಮೀನು ಹೇಗೆ ಬಂತು ಅಂತ ಕೇಳು. ಪಿತ್ರಾರ್ಜಿತವೋ, ಕ್ರಯವೋ, ಮಂಜೂರಾತಿಯೋ. ಮಂಜೂರಾತಿ ಅಂದರೆ ಸಾಗುವಳಿ ಚೀಟಿ ನೋಡು, ಅದರ ಷರತ್ತು ಪೂರ್ತಿ ಓದು. ಪಿಟಿಸಿಎಲ್ ಪ್ರಕರಣ ಇದೆಯೋ ಇಲ್ಲವೋ ಅಂತ ಎಸಿ ಕಚೇರಿಯಿಂದ ಹಿಂಬರಹ ತೆಗೆಸು. 'ಇಲ್ಲ' ಅಂತ ಹಿಂಬರಹ ಬಂದರೆ ಈವರೆಗೆ ಯಾರೂ ಅರ್ಜಿ ಹಾಕಿಲ್ಲ ಅಂತ ಅಷ್ಟೇ ಅರ್ಥ, ಮಂಜೂರಾದ ಜಮೀನು ಅಲ್ಲವೇ ಅಲ್ಲ ಅಂತ ಅರ್ಥ ಅಲ್ಲ. ಇದನ್ನು ವಕೀಲರೂ ಮರೆಸಿಬಿಡ್ತಾರೆ. ಆ ಊರಿನ ಕಾಲೋನಿಗೂ ಒಂದು ಸಲ ಹೋಗಿ ಕೂತುಕೊಂಡು ಮಾತಾಡು. ತಾಲೂಕು ಕಚೇರಿಯಲ್ಲಿ ನಾಲ್ಕು ಸಲ ಅಲೆದು ಸಿಗೋದು ಅಲ್ಲಿನ ಮುದುಕಮ್ಮನ ಬಾಯಲ್ಲಿ ಹತ್ತು ನಿಮಿಷಕ್ಕೆ ಸಿಗುತ್ತೆ.

ನಿನ್ನೆ ರಾತ್ರಿ ಅವನು ಕಾಗದಗಳ ಫೋಟೋ ಕಳಿಸಿದಾನೆ. ಮ್ಯುಟೇಷನ್ 1984ರಿಂದ ಶುರುವಾಗುತ್ತೆ, ಅದೂ ಕ್ರಯದಿಂದ. ಅದಕ್ಕೂ ಹಿಂದೆ ಏನಿತ್ತು ಅನ್ನೋದು ಬಿಲ್ಡರ್ ಕೊಟ್ಟ ಫೈಲಿನಲ್ಲಿ ಇಲ್ಲ. ಸೋಮವಾರ ರಜೆ ಹಾಕಿ ತಾಲೂಕು ಕಚೇರಿಗೆ ಹೋಗ್ತೀನಿ ಅಂದಿದಾನೆ. ಆ ಕಡೆ ರೆಕಾರ್ಡ್ ರೂಮಿನ ಪರಿಚಯ ಇರೋ ಸಂಗಾತಿಗಳು ಇದ್ದರೆ ನನಗೆ ಇನ್‌ಬಾಕ್ಸ್ ಮಾಡಿ.